ಹೆರವರ ನೋವಿಗೆ ನಮ್ಮ ತಾಳ್ಮೆ

'ತಾಳಿದವನು ಬಾಳಿಯಾನು' ಎಂಬುದು ಹಿರಿಯರ ಮಾತು. ಈ ಮಾತನ್ನು ಕೇಳದೆ ಬೆಳೆದ ಕನ್ನಡಿಗನಿರಲಾರ. ಮಳೆ ಕೈಕೊಟ್ಟಾಗ, ಸಾಲ ಕೊಟ್ಟವನು ಬಾಗಿಲಲ್ಲಿ ನಿಂತಾಗ, ಮಗಳು ಗಂಡನ ಮನೆಯಿಂದ ಕಣ್ಣೀರಿಡುತ್ತ ಬಂದಾಗ, ಹಲ್ಲು ಸಿಡಿಯುವಾಗ ಎಲ್ಲಕ್ಕೂ ಇದೇ ಮದ್ದು. ಖರ್ಚಿಲ್ಲದ ಮದ್ದು; ಆದುದರಿಂದಲೇ ಎಲ್ಲರೂ ಧಾರಾಳವಾಗಿ ಹಂಚುತ್ತಾರೆ. ಆದರೆ ಗಾದೆಯೊಂದರ ಬೆಲೆ ಕಟ್ಟುವಾಗ ಅದನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದನ್ನೂ ನೋಡಬೇಕು. ನೋಯುತ್ತಿರುವವನು ತನಗೆ ತಾನೇ ಹೇಳಿಕೊಂಡರೆ ಅದು ಧೈರ್ಯ. ನೋಯುತ್ತಿರುವವನಿಗೆ ನೋಯದವನು ಹೇಳಿದರೆ ಅದನ್ನು ಏನೆಂದು ಕರೆಯಬೇಕು?

ಈ ಪ್ರಶ್ನೆ ಹಳೆಯದು. ಆದರೆ ನೋವನ್ನು ಕಳೆಯುವ ಉಪಾಯ ಕೈಯಲ್ಲಿಲ್ಲದ ಕಾಲದಲ್ಲಿ ಇದಕ್ಕೆ ಮೊನಚು ಇರಲಿಲ್ಲ. ತಾಳುವುದಲ್ಲದೆ ಬೇರೆ ದಾರಿಯೇ ಇಲ್ಲವೆಂದ ಮೇಲೆ ತಾಳೆಂದು ಹೇಳುವುದೂ ಒಂದು ಬಗೆಯ ಸಾಂತ್ವನವೇ. ಉಪಾಯ ಕೈಗೆ ಬಂದ ಮೇಲೆ ಮಾತು ಬೇರೆಯಾಗುತ್ತದೆ. ವೈದ್ಯಶಾಸ್ತ್ರದ ಒಂದು ಸಣ್ಣ ಮೂಲೆಯ ವಿಷಯವನ್ನು ಹಿಡಿದು ಈ ದೊಡ್ಡ ಪ್ರಶ್ನೆಯನ್ನು ಸ್ವಲ್ಪ ಬಿಡಿಸಿ ನೋಡಬಹುದು. ವಿಷಯ ಇಷ್ಟೆ: ಹೆಗಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಬರುವ ನೋವು, ಮತ್ತು ಆ ನೋವನ್ನು ದಾರಿಯಲ್ಲೇ ತಡೆದು ನಿಲ್ಲಿಸುವ ನರ್ವ್ ಬ್ಲಾಕ್ ಎಂಬ ಚುಚ್ಚುಮದ್ದು.

ಹೆಗಲು ಎಂಬುದು ಕನ್ನಡದಲ್ಲಿ ಬರಿಯ ಅವಯವದ ಹೆಸರಲ್ಲ. ನೆರವಾಗುವುದೆಂದರೆ ನಮಗೆ ಹೆಗಲು ಕೊಡುವುದು. ಕೂಡಿ ದುಡಿಯುವುದೆಂದರೆ ಹೆಗಲಿಗೆ ಹೆಗಲು ಹಚ್ಚುವುದು. ತಂದೆ ಸತ್ತರೆ ಮನೆಯ ಭಾರ ಹಿರಿಯ ಮಗನ ಹೆಗಲಿಗೆ ಬರುತ್ತದೆ. ಜಾತ್ರೆಯಲ್ಲಿ ತೇರು ಕಾಣದ ಕೂಸು ಅಪ್ಪನ ಹೆಗಲೇರುತ್ತದೆ. ಕಡೆಗೆ ಅಪ್ಪನೂ ನಾಲ್ವರ ಹೆಗಲೇರಿಯೇ ಊರ ಹೊರಗೆ ಹೋಗುತ್ತಾನೆ. ಹೊರುವುದೇ ಹೆಗಲಿನ ಧರ್ಮವೆಂದು ನಮ್ಮ ಭಾಷೆ ಎಂದೋ ತೀರ್ಮಾನಿಸಿಬಿಟ್ಟಿದೆ. ಹೊರುವ ಹೆಗಲು ನೋಯಲೂಬಹುದೆಂಬ ನೆನಪು ಮಾತ್ರ ಆ ಮಾತುಗಳಲ್ಲಿ ಅಷ್ಟಾಗಿ ಉಳಿದಿಲ್ಲ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆ ಒಮ್ಮೆ ತಿರುಗಾಡಿ ಬಂದವರಿಗೆ ಈ ಹೆಗಲಿನ ಮಾತು ಚೆನ್ನಾಗಿ ಅರ್ಥವಾಗುತ್ತದೆ. ಮೇಲೆ ಭೀಮೆ, ಕೆಳಗೆ ಕೃಷ್ಣೆ, ನಡುವೆ ಬಿಸಿಲು. ಇಂಡಿಯ ನಿಂಬೆಗೆ ೨೦೨೩ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಆ ಹಣ್ಣು ಮುಳ್ಳಿನ ಗಿಡದಿಂದ ತಾನಾಗಿ ಚೀಲಕ್ಕೆ ಬೀಳುವುದಿಲ್ಲ. ಕೈಯೆತ್ತಿ ಕೀಳಬೇಕು, ಕಿತ್ತದ್ದನ್ನು ತುಂಬಬೇಕು, ತುಂಬಿದ್ದನ್ನು ಹೊರಬೇಕು. ದ್ರಾಕ್ಷಿಯ ಚಪ್ಪರದ ಕೆಳಗೆ ದಿನವೆಲ್ಲ ಕೈ ಮೇಲೆತ್ತಿಯೇ ದುಡಿಯಬೇಕು. ಸಿಂದಗಿಯ ಹತ್ತಿಯ ಅಂಡಿಗೆ, ತೊಗರಿಯ ಚೀಲ, ಮುದ್ದೇಬಿಹಾಳದ ಕರಿನೆಲದ ಜೋಳ ಇವೆಲ್ಲ ಪೇಟೆ ಸೇರುವುದು ಹಮಾಲರ ಹೆಗಲ ಮೇಲಿಂದಲೇ. ಈ ಭಾಗದಿಂದ ದುಡಿಮೆಗಾಗಿ ಮಹಾರಾಷ್ಟ್ರಕ್ಕೆ, ಗೋವೆಗೆ ಗುಳೆ ಹೋಗುವವರು ಕಬ್ಬು ಕಡಿಯುವುದೂ ಕಲ್ಲು ಹೊರುವುದೂ ಅದೇ ಹೆಗಲಿನಿಂದ. ಇಷ್ಟು ಸಾಲದೆಂಬಂತೆ ಜಾತ್ರೆಗಳಲ್ಲಿ ಗುಂಡುಕಲ್ಲು ಎತ್ತುವ, ಚೀಲ ಹೊರುವ ಪಂದ್ಯಗಳು ಬೇರೆ. ಎತ್ತಿದವನಿಗೆ ಬೆಳ್ಳಿಯ ಕಡಗ, ನೋಡಿದವರಿಗೆ ಹೆಮ್ಮೆ. ಭಾರವನ್ನು ಹಬ್ಬವಾಗಿ ಮಾಡಿಕೊಂಡ ಜನ ಇವರು. ಇಂಥ ಜನರ ಬಾಯಿಂದ ನೋವೆಂಬ ಮಾತು ಸುಲಭವಾಗಿ ಹೊರಡುವುದಿಲ್ಲ.

ಹೆಗಲಿನ ಕೀಲು ದೇಹದ ಉಳಿದ ಕೀಲುಗಳಂತಲ್ಲ. ಎಲ್ಲ ದಿಕ್ಕಿಗೂ ತಿರುಗುವ ಸ್ವಾತಂತ್ರ್ಯ ಅದಕ್ಕುಂಟು. ಸ್ವಾತಂತ್ರ್ಯ ಹೆಚ್ಚಾದಲ್ಲಿ ಭದ್ರತೆ ಕಡಿಮೆ. ತೋಳಿನ ಎಲುಬಿನ ಗುಂಡುತಲೆ ಆಳವಿಲ್ಲದ ಒಂದು ಬಟ್ಟಲಿನಲ್ಲಿ ಕುಳಿತಿರುತ್ತದೆ. ಅದು ಜಾರದಂತೆ ನಾಲ್ಕು ಸ್ನಾಯುಗಳ ತುದಿಗಳು ಕೂಡಿ ಒಂದು ಪಟ್ಟಿಯಂತೆ ಅದನ್ನು ಅಪ್ಪಿಕೊಂಡಿವೆ. ವರ್ಷಗಟ್ಟಲೆ ಕೈ ಮೇಲೆತ್ತಿ ದುಡಿದವರಲ್ಲಿ, ವಯಸ್ಸಾದವರಲ್ಲಿ, ಬಿದ್ದು ಪೆಟ್ಟು ತಿಂದವರಲ್ಲಿ ಈ ಪಟ್ಟಿ ಸವೆಯುತ್ತದೆ, ಕೆಲವೊಮ್ಮೆ ಹರಿಯುತ್ತದೆ. ಆಗ ತಲೆ ಬಾಚುವುದೂ ಅಂಗಿ ತೊಡುವುದೂ ಕಷ್ಟ. ರಾತ್ರಿ ಆ ಮಗ್ಗುಲಿಗೆ ಹೊರಳುವಂತಿಲ್ಲ. ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಬೇಕಾದವರು ವಿಜಯಪುರಕ್ಕೋ ಸೊಲ್ಲಾಪುರಕ್ಕೋ ಮೀರಜಕ್ಕೋ ಹೋಗುತ್ತಾರೆ. ಹರಿದ ಪಟ್ಟಿಯನ್ನು ಮತ್ತೆ ಎಲುಬಿಗೆ ಹೊಲಿದು ಕಟ್ಟುವ ಈ ಚಿಕಿತ್ಸೆ ಈಗ ಸಣ್ಣ ರಂಧ್ರಗಳ ಮೂಲಕ, ದುರ್ಬೀನಿನ ನೆರವಿನಿಂದ ನಡೆಯುತ್ತದೆ. ಹೊರಗಿನ ಗಾಯ ಸಣ್ಣದು. ಆದರೆ ಒಳಗಿನ ನೋವು ಗಾಯದ ಅಳತೆಯನ್ನು ಕೇಳುವುದಿಲ್ಲ. ಮೊದಲ ಒಂದೆರಡು ದಿನ, ಅದರಲ್ಲಿಯೂ ಮೊದಲ ರಾತ್ರಿ, ಗಟ್ಟಿಗರನ್ನೂ ಅಳಿಸಬಲ್ಲದು.

ಈ ನೋವಿಗೆ ಮದ್ದು ಹೇಗೆ? 'ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ' ಎಂದು ನಾವು ನಗುತ್ತೇವೆ. ನರ್ವ್ ಬ್ಲಾಕನ್ನು ಮೊದಲ ಸಲ ಕಂಡ ಹಳ್ಳಿಗನಿಗೆ ಅದೇ ಗಾದೆ ನೆನಪಾದರೆ ಆಶ್ಚರ್ಯವಿಲ್ಲ. ನೋವು ಹೆಗಲಲ್ಲಿ, ಸೂಜಿ ಕೊರಳಲ್ಲಿ! ಆದರೆ ಇಲ್ಲಿ ಗಾದೆ ಸೋಲುತ್ತದೆ. ಹೆಗಲಿನಿಂದ ಹೊರಟ ನೋವಿನ ಸುದ್ದಿ ಮಿದುಳಿಗೆ ಹೋಗುವ ದಾರಿ ಕೊರಳಿನ ಮಗ್ಗುಲಲ್ಲಿ, ಎರಡು ಸ್ನಾಯುಗಳ ಸಂದಿನಲ್ಲಿ ಹಾದುಹೋಗುತ್ತದೆ. ಅಲ್ಟ್ರಾಸೌಂಡಿನ ಪರದೆಯ ಮೇಲೆ ಆ ನರಗಳನ್ನು ಕಣ್ಣಾರೆ ನೋಡುತ್ತ ಅರಿವಳಿಕೆಯ ವೈದ್ಯರು ಅವುಗಳ ಸುತ್ತ ಮದ್ದನ್ನು ಹರಡುತ್ತಾರೆ. ನರದ ಮೈಯಲ್ಲಿ ಸೋಡಿಯಂ ಕಣಗಳು ಒಳನುಗ್ಗುವ ಬಾಗಿಲುಗಳಿವೆ. ಅವು ನುಗ್ಗಿದರೆ ಮಾತ್ರ ಸುದ್ದಿ ಮುಂದೆ ಸಾಗುತ್ತದೆ. ಮದ್ದು ಆ ಬಾಗಿಲುಗಳಿಗೆ ಅಗುಳಿ ಹಾಕುತ್ತದೆ. ಹೆಗಲು ಕೂಗುತ್ತಲೇ ಇರುತ್ತದೆ, ಮಿದುಳಿಗೆ ಕೇಳಿಸುವುದಿಲ್ಲ.

ಕನ್ನಡದಲ್ಲಿ ಅನಸ್ತೇಷಿಯಾಕ್ಕೆ ಅರಿವಳಿಕೆ ಎಂಬ ಸೊಗಸಾದ ಹೆಸರಿದೆ, ಅರಿವು ಅಳಿಯುವುದು. ಆದರೆ ಈ ಚುಚ್ಚುಮದ್ದಿನಲ್ಲಿ ಅಳಿಯುವುದು ಒಂದು ತೋಳಿನ ಅರಿವು ಮಾತ್ರ. ಶಸ್ತ್ರಚಿಕಿತ್ಸೆಯ ವೇಳೆಗೆ ಪೂರ್ಣ ಅರಿವಳಿಕೆಯನ್ನೂ ಜೊತೆಗೆ ಕೊಡುವುದುಂಟು; ಅದು ಇಳಿದು ಎಚ್ಚರವಾದಾಗ ರೋಗಿ ಮಗನನ್ನು ಗುರುತಿಸುತ್ತಾನೆ, ನೀರು ಕೇಳುತ್ತಾನೆ, ಹೊಲದ ಸುದ್ದಿ ವಿಚಾರಿಸುತ್ತಾನೆ. ತೋಳು ಮಾತ್ರ ಮರಗಟ್ಟಿ, ಯಾರದೋ ತೋಳನ್ನು ತಂದು ತನ್ನ ಪಕ್ಕದಲ್ಲಿ ಮಲಗಿಸಿದಂತೆ ಬಿದ್ದಿರುತ್ತದೆ. ಒಂದೇ ಸಲದ ಮದ್ದು ಸಾಮಾನ್ಯವಾಗಿ ಅರ್ಧ ದಿನದ ಆಚೀಚೆ ಕೆಲಸ ಮಾಡುತ್ತದೆ. ಸಣ್ಣ ಕೊಳವೆಯನ್ನಿಟ್ಟು ಹನಿಹನಿಯಾಗಿ ಬಿಟ್ಟರೆ ಎರಡು ಮೂರು ದಿನವೂ ನಡೆಯುತ್ತದೆ. ಅತಿ ಕೆಟ್ಟ ಹೊತ್ತು ಹೀಗೆ ಕಳೆದುಹೋಗುತ್ತದೆ.

ಇಷ್ಟು ವೈದ್ಯಶಾಸ್ತ್ರದ ಮಾತು. ನೀತಿಯ ಮಾತು ಇಲ್ಲಿಂದ ಆರಂಭ.

ಒಬ್ಬ ಮುದುಕನನ್ನು ಊಹಿಸಿಕೊಳ್ಳೋಣ. ಐವತ್ತು ವರ್ಷ ಚೀಲ ಹೊತ್ತವನು. ಹೆಗಲಿಗೆ ಶಸ್ತ್ರಚಿಕಿತ್ಸೆಯಾಗಿ ಮಲಗಿದ್ದಾನೆ. ನರ್ವ್ ಬ್ಲಾಕ್ ಕೊಟ್ಟಿಲ್ಲ. ಬೇಕೇ ಎಂದು ಯಾರೂ ಕೇಳಲಿಲ್ಲ, ಅಂಥದೊಂದು ಉಂಟೆಂದು ಅವನಿಗೆ ತಿಳಿಯದು. ರಾತ್ರಿಯ ಪಾಳಿಯ ದಾದಿ ಬಂದು, "ಮುತ್ಯಾ, ಭಾಳ ನೂಸ್ಲಾಕತ್ತದೇನು?" ಎಂದು ಕೇಳುತ್ತಾಳೆ. ಅವನು ಹಲ್ಲು ಕಚ್ಚಿ, "ಇರ್ಲಿ ಬಿಡವ್ವಾ, ಅಷ್ಟೇನಿಲ್ಲ" ಎನ್ನುತ್ತಾನೆ. ಅವಳು ಹಾಳೆಯ ಮೇಲೆ ನೋವು ಕಡಿಮೆಯೆಂದು ಬರೆದು ಮುಂದಿನ ಮಂಚಕ್ಕೆ ಹೋಗುತ್ತಾಳೆ. ಅಲ್ಲಿ ಪೇಟೆಯ ಗೃಹಸ್ಥನೊಬ್ಬ ಅರ್ಧ ಗಂಟೆಗೊಮ್ಮೆ ಗಂಟೆ ಬಾರಿಸುತ್ತಾನೆ. ಅವನಿಗೆ ಮದ್ದು ಸಿಗುತ್ತದೆ. ಇಲ್ಲಿ ಯಾರೂ ಕೆಟ್ಟವರಲ್ಲ. ದಾದಿ ಕೇಳಿದ್ದಾಳೆ, ಮುದುಕ ಉತ್ತರ ಕೊಟ್ಟಿದ್ದಾನೆ, ಹಾಳೆ ತುಂಬಿದೆ. ಹಾಗಿದ್ದೂ ಒಂದು ಅನ್ಯಾಯ ನಡೆದುಹೋಗಿದೆ. ಅದು ನಡೆದದ್ದು ಎಲ್ಲಿ?

ಮುದುಕನ 'ಅಷ್ಟೇನಿಲ್ಲ' ಎಂಬ ಮಾತನ್ನು ನಾವು ಉತ್ತರವೆಂದು ತಿಳಿದಲ್ಲಿ. ಅದು ಉತ್ತರವಾಗಿರಲಿಲ್ಲ, ಮರ್ಯಾದೆಯಾಗಿತ್ತು. ನೋವೆಂದು ಹೇಳಿಕೊಳ್ಳುವುದು ಗಂಡಸಿಗೆ ಹೀನವೆಂದು ಅವನು ಬಾಲ್ಯದಲ್ಲೇ ಕಲಿತಿದ್ದಾನೆ. ಮೇಲಾಗಿ, ಓದಿದವರಿಗೆ ತೊಂದರೆ ಕೊಡಬಾರದೆಂಬ ಸಂಕೋಚ. ಕೇಳಿದರೆ ಬಿಲ್ಲು ಏರೀತೆಂಬ ಅಂಜಿಕೆ. ನಮ್ಮ ಭಾಷೆಯೇ ನೋಡಿ, ನೋವನ್ನು ತಿನ್ನುವ, ನುಂಗುವ ಪದಾರ್ಥವಾಗಿ ಮಾಡಿಬಿಟ್ಟಿದೆ. ಹೆರಿಗೆಯ ಹೆಂಗಸು ನಮ್ಮ ಕಡೆ 'ಬ್ಯಾನಿ ತಿನ್ನುತ್ತಾಳೆ'. ಅಪಮಾನವಾದವನು ನೋವು ನುಂಗುತ್ತಾನೆ. ತಿಂದದ್ದು, ನುಂಗಿದ್ದು ಹೊರಗಿನವರಿಗೆ ಕಾಣುವುದಿಲ್ಲ. ಕಾಣದ್ದನ್ನು ಇಲ್ಲವೆಂದುಕೊಳ್ಳುವುದು ನೋಡುವವರಿಗೆ ಎಷ್ಟು ಅನುಕೂಲ!

ಈ ಅನುಕೂಲಕ್ಕೆ ಉದ್ದವಾದ ಚರಿತ್ರೆಯುಂಟು. ೧೮೪೬ರ ಅಕ್ಟೋಬರ್ ೧೬ರಂದು ಅಮೆರಿಕದ ಬಾಸ್ಟನ್ನಿನಲ್ಲಿ ಈಥರ್ ಮೂಸಿಸಿ ನೋವಿಲ್ಲದೆ ಶಸ್ತ್ರಚಿಕಿತ್ಸೆ ಮಾಡಿ ತೋರಿಸಿದರು. ಮರುವರ್ಷ ಎಡಿನ್‌ಬರೋದ ಸಿಂಪ್ಸನ್ ಹೆರಿಗೆಗೆ ಕ್ಲೋರೋಫಾರ್ಮ್ ಬಳಸಿದನು. ಆಗ, ಹೆರಿಗೆಯ ನೋವು ದೇವರ ಕಟ್ಟಳೆ, ಅದನ್ನು ಕಳೆಯುವುದು ಪಾಪ ಎಂದವರಿದ್ದರು. ಸಿಂಪ್ಸನ್ ಅವರಿಗೆ ಉತ್ತರವಾಗಿ ಒಂದು ಪುಸ್ತಿಕೆಯನ್ನೇ ಬರೆಯಬೇಕಾಯಿತು. ೧೮೫೩ರಲ್ಲಿ ವಿಕ್ಟೋರಿಯಾ ರಾಣಿ ತನ್ನ ಹೆರಿಗೆಯಲ್ಲಿ ಕ್ಲೋರೋಫಾರ್ಮ್ ತೆಗೆದುಕೊಂಡ ಮೇಲೆ ಗದ್ದಲ ಬಹಳಮಟ್ಟಿಗೆ ತಣ್ಣಗಾಯಿತು. ಗಮನಿಸಬೇಕಾದ ಸಂಗತಿಯೆಂದರೆ, ಆ ನೋವಿನ ಪರವಾಗಿ ವಾದಿಸಿದವರು ಅದನ್ನು ಎಂದೂ ತಿನ್ನಬೇಕಾಗಿಲ್ಲದ ಗಂಡಸರು. ನೋವಿನ ಮಹಿಮೆಯನ್ನು ಹಾಡುವವರಲ್ಲಿ ಎಷ್ಟು ಜನ ನೋವಿನ ಮಂಚದ ಮೇಲೆ ಮಲಗಿಯೇ ಹಾಡಿದ್ದಾರೆ ಎಂದು ಲೆಕ್ಕ ಹಾಕಿದರೆ ಲೆಕ್ಕ ಬೇಗ ಮುಗಿದೀತು.

ಇದಕ್ಕಿಂತ ಎದೆ ನಡುಗಿಸುವ ಸಂಗತಿ ನಮಗೆ ತೀರ ಹತ್ತಿರದ ಕಾಲದ್ದು. ಹುಟ್ಟಿದ ಕೂಸುಗಳ ನರಮಂಡಲ ಇನ್ನೂ ಬಲಿತಿರುವುದಿಲ್ಲ, ಆದುದರಿಂದ ಅವಕ್ಕೆ ನೋವು ತಿಳಿಯುವುದಿಲ್ಲ ಎಂಬ ನಂಬಿಕೆ ವೈದ್ಯರಲ್ಲಿಯೇ ಇತ್ತು. ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿಯೂ ಎಳೆಗೂಸುಗಳಿಗೆ ಅತ್ಯಲ್ಪ ಅರಿವಳಿಕೆಯಲ್ಲಿ, ಅಲುಗದಂತೆ ಮಾಡುವ ಮದ್ದನ್ನಷ್ಟೆ ಮುಖ್ಯವಾಗಿ ನಂಬಿ, ಎದೆ ಬಗೆದು ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು. ಭಾರತೀಯ ಮೂಲದ ವೈದ್ಯ ಕನ್ವಲ್‌ಜೀತ್ ಆನಂದ್ ಮತ್ತು ಅವರ ಸಂಗಡಿಗರು ಆಕ್ಸ್‌ಫರ್ಡಿನಲ್ಲಿ ಅವಧಿಗೆ ಮುನ್ನ ಹುಟ್ಟಿದ ಕೂಸುಗಳ ಮೇಲೆ ನಡೆಸಿದ ಅಭ್ಯಾಸವನ್ನು ೧೯೮೭ರಲ್ಲಿ ಪ್ರಕಟಿಸಿದರು. ನೋವು ಕಳೆಯುವ ಮದ್ದು ಸಾಕಷ್ಟು ಸಿಕ್ಕ ಕೂಸುಗಳ ಮೈ ಶಸ್ತ್ರಚಿಕಿತ್ಸೆಯ ಆಘಾತವನ್ನು ಕಡಿಮೆ ಅನುಭವಿಸಿತ್ತು, ಅವು ಚೇತರಿಸಿಕೊಂಡದ್ದೂ ಮೇಲಾಗಿತ್ತು. ರಕ್ತದಲ್ಲಿಯ ರಸಗಳ ಏರಿಳಿತವೇ ಕೂಸಿನ ಪರವಾಗಿ ಸಾಕ್ಷಿ ಹೇಳಿತು. ಕೂಸು ಮೊದಲಿನಿಂದಲೂ ಅಳುತ್ತಲೇ ಇತ್ತು. ಅಳುವೆಲ್ಲ ನೋವಲ್ಲವೆಂದು ವಿವರಣೆ ಕೊಡುವ ಪಾಂಡಿತ್ಯ ದೊಡ್ಡವರಲ್ಲಿತ್ತು.

ಮಾತು ಬಾರದ ಕೂಸು, ಮಾತು ಬಂದರೂ ಬಾಯಿ ಬಿಡದ ಮುದುಕ: ಈ ಇಬ್ಬರ ವಿಷಯದಲ್ಲಿ ನಾವು ಮಾಡುವ ತಪ್ಪು ಒಂದೇ. ಹೇಳದ ನೋವು ಇಲ್ಲದ ನೋವೆಂದು ಎಣಿಸುವುದು. ನೋವಿನ ಅಧ್ಯಯನಕ್ಕಾಗಿಯೇ ಇರುವ ಅಂತರರಾಷ್ಟ್ರೀಯ ಸಂಘವು ೨೦೨೦ರಲ್ಲಿ ನೋವಿನ ವ್ಯಾಖ್ಯೆಯನ್ನು ತಿದ್ದಿ ಬರೆಯುವಾಗ ಎರಡು ಮಾತನ್ನು ಸೇರಿಸಿತು. ನೋಯುತ್ತಿದೆಯೆಂದು ಯಾರಾದರೂ ಹೇಳಿದರೆ ಆ ಮಾತಿಗೆ ಗೌರವ ಸಲ್ಲಬೇಕು ಎಂಬುದು ಒಂದು. ಹೇಳಲಾರದ ಮಾತ್ರಕ್ಕೆ ಮನುಷ್ಯನಿಗಾಗಲಿ ಪ್ರಾಣಿಗಾಗಲಿ ನೋವಿಲ್ಲವೆಂದು ತೀರ್ಮಾನಿಸಲಾಗದು ಎಂಬುದು ಇನ್ನೊಂದು. ಶಾಸ್ತ್ರಕ್ಕೆ ಈ ಎರಡನೆಯ ಮಾತು ಹೊಳೆಯಲು ಇಷ್ಟು ಕಾಲ ಬೇಕಾಯಿತು.

ಇಲ್ಲಿ ಯಾರಾದರೂ ಆಕ್ಷೇಪವೆತ್ತಬಹುದು. ತಿತಿಕ್ಷೆಯನ್ನು ಗೀತೆ ಬೋಧಿಸಿಲ್ಲವೇ? ಶೀತೋಷ್ಣ, ಸುಖದುಃಖಗಳನ್ನು ಸಮನಾಗಿ ಕಾಣುವವನಲ್ಲವೇ ಧೀರ? ನೋವೆಲ್ಲವನ್ನೂ ಸೂಜಿಯಿಂದ ಕಳೆಯುತ್ತ ಹೋದರೆ ಮನುಷ್ಯ ಮೆತ್ತಗಾಗುವುದಿಲ್ಲವೇ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ತಾಳ್ಮೆ ದೊಡ್ಡ ಗುಣವೆಂಬುದನ್ನು ಒಪ್ಪಲೇಬೇಕು. ಬದುಕಿನ ಎಷ್ಟೋ ನೋವುಗಳಿಗೆ ಕೊರಳಲ್ಲಿ ಚುಚ್ಚುವ ಸೂಜಿಯಿಲ್ಲ. ಮಗನನ್ನು ಕಳೆದುಕೊಂಡ ತಾಯಿಗೆ ಯಾವ ನರವನ್ನು ತಡೆಯೋಣ? ಅಲ್ಲಿ ತಾಳ್ಮೆಯೊಂದೇ ಗತಿ. ಆದರೆ ಗೀತೆಯ ಆ ಮಾತು ಯಾರನ್ನು ಕುರಿತದ್ದು? ತಾಳಬೇಕಾದವನನ್ನು. ಪಕ್ಕದಲ್ಲಿ ನಿಂತು ನೋಡುವವನಿಗೆ, 'ನೀನು ಸುಮ್ಮನಿರು, ಅವನು ತಾಳುತ್ತಾನೆ' ಎಂದು ಅದು ಹೇಳಲಿಲ್ಲ. ತಿತಿಕ್ಷೆ ನನಗೆ ನಾನು ವಿಧಿಸಿಕೊಳ್ಳುವ ವ್ರತ. ಉಪವಾಸವೂ ಹಾಗೆಯೇ. ಏಕಾದಶಿಯಂದು ನಾನು ಊಟ ಬಿಟ್ಟರೆ ಪುಣ್ಯವಿದ್ದೀತು. ಹಸಿದು ಬಂದ ಅತಿಥಿಗೆ 'ಈ ದಿನ ಏಕಾದಶಿ' ಎಂದು ಬಾಗಿಲು ಹಾಕಿದರೆ ಪುಣ್ಯವಿದೆಯೇ? ಆಯ್ಕೆಯಿದ್ದಲ್ಲಿ ಮಾತ್ರ ತಾಳ್ಮೆ ಗುಣವಾಗುತ್ತದೆ. ಮದ್ದುಂಟೆಂದು ತಿಳಿಸಿ, ಬೇಕೇ ಎಂದು ಕೇಳಿ, ಅವನೇ ಬೇಡವೆಂದರೆ ಅದು ಅವನ ಧೀರತೆ. ತಿಳಿಸದೆ, ಕೇಳದೆ, ಅವನ ಮೌನವನ್ನು ಹೊಗಳಿದರೆ ಅದು ನಮ್ಮ ಸೋಮಾರಿತನಕ್ಕೆ ಹಾಕಿದ ಜರತಾರಿ ಶಾಲು.

ಎರಡನೆಯ ಆಕ್ಷೇಪ ಪ್ರಕೃತಿಯ ಹೆಸರಿನದು. ನೋವು ದೇಹದ ಎಚ್ಚರಿಕೆ. ಅದನ್ನು ಮುಚ್ಚಿದರೆ ಅಪಾಯವಲ್ಲವೇ? ಒಲೆಯ ಕೆಂಡ ಮುಟ್ಟಿದ ಕೈ ತಟ್ಟನೆ ಹಿಂದೆ ಬರುವುದು ನೋವಿನ ಉಪಕಾರ, ನಿಜ. ಆದರೆ ಹೆಗಲು ಹರಿದ ಸುದ್ದಿ ತಲುಪಿಯಾಗಿದೆ. ಅದನ್ನು ಕೇಳಿಯೇ ರೋಗಿ ಆಸ್ಪತ್ರೆಗೆ ಬಂದ, ವೈದ್ಯರು ಹೊಲಿದರು. ಬೆಂಕಿ ಆರಿಸಿದ ಮೇಲೂ ರಾತ್ರಿಯಿಡೀ ನಗಾರಿ ಬಾರಿಸುವ ಕಾವಲುಗಾರನಿಂದ ಊರಿಗೆ ನಿದ್ದೆಗೇಡಲ್ಲದೆ ಲಾಭವಿಲ್ಲ. ಹಾಗೆಂದು ಕಾವಲನ್ನೇ ತೆಗೆದುಬಿಡುವಂತಿಲ್ಲ. ಮರಗಟ್ಟಿದ ತೋಳು ತನ್ನನ್ನು ತಾನು ಕಾಯಲಾರದು. ಬಿಸಿ ತಗುಲಿದರೂ ಬಾಗಿಲಿಗೆ ಸಿಕ್ಕಿದರೂ ಅದಕ್ಕೆ ತಿಳಿಯದು. ಆದುದರಿಂದ ಅದನ್ನು ಜೋಳಿಗೆಪಟ್ಟಿಯಲ್ಲಿ ಕಟ್ಟಿಟ್ಟು ಮನೆಯವರು ಕಾಯಬೇಕು. ಒಬ್ಬನ ನೋವು ಮಲಗಿರುವಾಗ ಇನ್ನೊಬ್ಬನ ಎಚ್ಚರ ಕೂತಿರಬೇಕು.

ಮೂರನೆಯದು, ಅಪಾಯದ ಮಾತು. ಇದು ಎಲ್ಲಕ್ಕಿಂತ ಪ್ರಾಮಾಣಿಕವಾದ ಆಕ್ಷೇಪ. ನೋವು ಕಳೆಯುವ ಯಾವ ಮದ್ದೂ ಪುಕ್ಕಟೆಯಾಗಿ ಕಳೆಯುವುದಿಲ್ಲ. ನಮ್ಮ ನೆರೆಯ ಹೈದರಾಬಾದಿನಲ್ಲಿ ೧೮೮೮ ಮತ್ತು ೧೮೮೯ರಲ್ಲಿ ನಿಜಾಮರ ಆಶ್ರಯದಲ್ಲಿ ಎರಡು ಕ್ಲೋರೋಫಾರ್ಮ್ ಆಯೋಗಗಳು ಕೂತು ಆ ಮದ್ದಿನ ಅಪಾಯವನ್ನು ಪರೀಕ್ಷಿಸಿದವು. ಉಸಿರಾಟವನ್ನು ಕಾಯ್ದರೆ ಸಾಕು ಎಂಬುದು ಅವುಗಳ ನಿಲುವು. ಆ ಮದ್ದು ಹೃದಯವನ್ನೂ ನೇರವಾಗಿ ಕೆಡಿಸಬಲ್ಲದೆಂದು ಮುಂದೆ ತಿಳಿಯಿತು. ಕೊರಳಿನ ನರ್ವ್ ಬ್ಲಾಕಿನಲ್ಲಿಯೂ ಉಸಿರಿನ ಪ್ರಶ್ನೆಯಿದೆ. ಎದೆ ಹೊಟ್ಟೆಗಳ ನಡುವಿನ ವಪೆಯನ್ನು ಆಡಿಸುವ ನರ ಅದೇ ಜಾಗದ ಹತ್ತಿರ ಹಾಯುತ್ತದೆ. ಮದ್ದು ಅದನ್ನೂ ಮುಟ್ಟಿ ಆ ಮಗ್ಗುಲಿನ ವಪೆ ಕೆಲವು ಗಂಟೆ ಸುಮ್ಮನಾಗುವುದು ತೀರ ಸಾಮಾನ್ಯ. ಗಟ್ಟಿ ಎದೆಯವರಿಗೆ ಅದು ಹೆಚ್ಚಾಗಿ ಗೊತ್ತೇ ಆಗದು. ದಮ್ಮಿನ ಬೇನೆಯವರಿಗೆ ಕಷ್ಟವಾದೀತು. ಅಂಥವರಿಗೆ ಕೊರಳನ್ನು ಬಿಟ್ಟು ಹೆಗಲಿನ ಹತ್ತಿರದ ನರಗಳಿಗೇ ಮದ್ದು ಕೊಡುವ ಬೇರೆ ವಿಧಾನಗಳುಂಟು. ಕೆಲಹೊತ್ತು ಕಣ್ಣಿನ ರೆಪ್ಪೆ ಇಳಿಯಬಹುದು, ದನಿ ಒಡೆಯಬಹುದು. ನರಕ್ಕೆ ಬಹುಕಾಲದ ಪೆಟ್ಟಾಗುವುದು ಅಪರೂಪ, ಆದರೆ ಇಲ್ಲವೆನ್ನುವಂತಿಲ್ಲ. ಇದನ್ನೆಲ್ಲ ರೋಗಿಗೆ ಅವನ ಮಾತಿನಲ್ಲಿ ಹೇಳಬೇಕು. ಅಪಾಯವಿದೆಯೆಂದು ಮದ್ದನ್ನೇ ಬಚ್ಚಿಡುವುದೂ, ಮದ್ದಿದೆಯೆಂದು ಅಪಾಯವನ್ನು ಬಚ್ಚಿಡುವುದೂ ಒಂದೇ ತಕ್ಕಡಿಯ ಎರಡು ಮೋಸಗಳು.

ಅಪಾಯಗಳಲ್ಲಿ ಒಂದನ್ನು ಬೇರೆಯಾಗಿಯೇ ಹೇಳಬೇಕು. ಏಕೆಂದರೆ ಅದಕ್ಕೆ ಮದ್ದಿಗಿಂತ ಮಾತು ಮುಖ್ಯ. ಬೆಳಗ್ಗೆ ಹತ್ತಕ್ಕೆ ಕೊಟ್ಟ ಚುಚ್ಚುಮದ್ದು ನಡುರಾತ್ರಿಯ ಸುಮಾರಿಗೆ ಇಳಿಯತೊಡಗುತ್ತದೆ. ಆಗ ತಡೆದು ನಿಂತ ನೋವು ಕಟ್ಟೆಯೊಡೆದ ಕೆರೆಯಂತೆ ಒಮ್ಮೆಲೇ ನುಗ್ಗುವುದುಂಟು. ಹಗಲೆಲ್ಲ ನಕ್ಕು ಮಾತಾಡಿದ ರೋಗಿ, ಎಲ್ಲ ಮುಗಿಯಿತೆಂದು ನಂಬಿದವನು, ಎಲ್ಲರೂ ಮಲಗಿದ ಹೊತ್ತಿನಲ್ಲಿ ತತ್ತರಿಸುತ್ತಾನೆ. ಶಸ್ತ್ರಚಿಕಿತ್ಸೆಯೇ ಕೆಟ್ಟಿತೋ, ಹೊಲಿಗೆ ಹರಿಯಿತೋ ಎಂಬ ಭಯ ಬೇರೆ ಸೇರುತ್ತದೆ. ಇದು ಹೀಗಾಗಬಹುದೆಂದು ಮೊದಲೇ ತಿಳಿಸಿ, ತಡೆ ಇಳಿಯುವ ಮುನ್ನವೇ ಗುಳಿಗೆ ನುಂಗಿಸಿದರೆ ಈ ರಾತ್ರಿ ಬಹಳಮಟ್ಟಿಗೆ ಹಗುರವಾಗುತ್ತದೆ. ಆಸ್ಪತ್ರೆಯಿಂದ ಬೇಗನೆ ಮನೆಗೆ ಕಳಿಸುವ ಈ ಕಾಲದಲ್ಲಿ ಮುದ್ದೇಬಿಹಾಳದ ಯಾವುದೋ ಹಳ್ಳಿಯಲ್ಲಿ ನಡುರಾತ್ರಿ ಆ ನೋವು ನುಗ್ಗಿದರೆ ಹತ್ತಿರ ಇರುವವರು ಹೆಂಡತಿ ಮಕ್ಕಳು ಮಾತ್ರ. ವೈದ್ಯರು ಎರಡು ನಿಮಿಷ ಕೂತು ಹೇಳಿದ ಮಾತೇ ಆಗ ಅವರ ಕೈಯಲ್ಲಿರುವ ದೀಪ. ಕೆಲವು ಗಂಟೆಗಳ ಮಟ್ಟಿಗೆ ನೋವಿನಿಂದ ಬಿಡುಗಡೆ ಮಾಡಿದವನಿಗೆ, ಆ ಗಂಟೆಗಳು ಮುಗಿಯುತ್ತವೆಂದು ಹೇಳುವ ಋಣವೂ ಇದೆ.

ಇನ್ನು ಹಣದ ಮಾತು. ಅಲ್ಟ್ರಾಸೌಂಡಿನ ಯಂತ್ರ ಬೇಕು. ಅದಕ್ಕಿಂತ ಹೆಚ್ಚಾಗಿ ಕೈ ಪಳಗಿದ ಅರಿವಳಿಕೆಯ ವೈದ್ಯರು ಬೇಕು. ತಾಲ್ಲೂಕಿನ ಊರುಗಳಲ್ಲಿ ಇವೆರಡೂ ಸುಲಭವಾಗಿ ದೊರೆಯುವಂಥವಲ್ಲ. ಆದರೆ ಎಲ್ಲ ಕೊರತೆಯೂ ಹಣದ್ದೇ ಅಲ್ಲ. ಮಾರ್ಫಿನ್ ಬಹಳ ಅಗ್ಗದ ಮದ್ದು. ೧೯೮೫ರ ಮಾದಕ ವಸ್ತುಗಳ ಕಾಯಿದೆಯ ಬಿಗಿಯಲ್ಲಿ ಅದು ಕ್ಯಾನ್ಸರಿನಿಂದ ಸಾಯುತ್ತಿದ್ದವರ ಕೈಗೂ ಎಟುಕದಷ್ಟು ದೂರವಾಯಿತು. ಒಂದು ಆಸ್ಪತ್ರೆ ಅದನ್ನಿಟ್ಟುಕೊಳ್ಳಲು ಹಲವು ಪರವಾನಗಿಗಳಿಗಾಗಿ ಅಲೆಯಬೇಕಿತ್ತು. ನಿಯಮವನ್ನು ಸಡಿಲಿಸುವ ತಿದ್ದುಪಡಿ ಬಂದದ್ದು ೨೦೧೪ರಲ್ಲಿ. ನಡುವಿನ ೨೯ ವರ್ಷ ಎಷ್ಟೋ ಮನೆಗಳ ನಡುಮನೆಯಲ್ಲಿ ಎಷ್ಟೋ ಜನ ಗೋಡೆಗೆ ಮುಖ ಮಾಡಿ ನರಳಿದರು. ಚಟದವನೊಬ್ಬನ ಕೈಗೆ ಮದ್ದು ಸಿಕ್ಕೀತೆಂಬ ನಮ್ಮ ಭಯ ಬಲು ಚುರುಕಾಗಿತ್ತು. ನೋಯುವವರ ಕೈಗೆ ಸಿಗದಿರುವುದರ ಬಗ್ಗೆ ನಮ್ಮ ತಾಳ್ಮೆ ಮಾತ್ರ ಅಪಾರವಾಗಿತ್ತು.

ನೋವು ಕಳೆಯುವ ವಿದ್ಯೆಯನ್ನು ಕಟ್ಟಿದವರಲ್ಲಿ ಕೆಲವರು ಹೀಗೆ ಹೆರವರ ನೋವನ್ನು ತಾಳಿಕೊಂಡು ಕೂರಲಿಲ್ಲ ಎಂಬುದನ್ನು ನೆನೆಯಬೇಕು. ೧೮೮೪ರಲ್ಲಿ ವಿಯೆನ್ನಾದ ಕಾರ್ಲ್ ಕೋಲರ್ ಕೊಕೇನಿನ ಹನಿಯಿಂದ ಕಣ್ಣು ಮರಗಟ್ಟುವುದನ್ನು ತೋರಿಸಿದ ಮೇಲೆ, ನ್ಯೂಯಾರ್ಕಿನ ಹಾಲ್‌ಸ್ಟೆಡ್ ಮತ್ತು ಸಂಗಡಿಗರು ಅದನ್ನು ನರಗಳಿಗೆ ಚುಚ್ಚಿ ನೋಡಿದರು; ಚುಚ್ಚಿಕೊಂಡದ್ದು ತಮ್ಮ ಮೈಗೇ. ಕೊಕೇನಿನ ಚಟದ ಅಪಾಯ ಆಗ ತಿಳಿದಿರಲಿಲ್ಲ. ಹಾಲ್‌ಸ್ಟೆಡ್ ಅದರ ಬಲೆಗೆ ಬಿದ್ದನು. ಮುಂದೆ ಜಗತ್ಪ್ರಸಿದ್ಧ ಶಸ್ತ್ರವೈದ್ಯನಾದರೂ ಮದ್ದಿನ ದಾಸ್ಯದಿಂದ ಪೂರ್ತಿ ಬಿಡಿಸಿಕೊಳ್ಳಲಾಗಲಿಲ್ಲ. ೧೯೧೧ರಲ್ಲಿ ಜರ್ಮನಿಯ ಕುಲೆನ್‌ಕಾಂಪ್ಫ್, ಕೊರಳೆಲುಬಿನ ಮೇಲ್ಗಡೆ ತೋಳಿನ ನರಗಳಿಗೆ ಮದ್ದು ಕೊಡುವ ವಿಧಾನವನ್ನು ತನ್ನ ಮೇಲೆಯೇ ಪ್ರಯೋಗಿಸಿ ನೋಡಿದನು. ಕೊರಳಿನ ಸ್ನಾಯುಗಳ ಸಂದಿನ ಈಗಿನ ದಾರಿಯನ್ನು ಅಮೆರಿಕದ ವಿನ್ನಿ ೧೯೭೦ರಲ್ಲಿ ವಿವರಿಸಿದನು. ಇಂಡಿಯ ನಿಂಬೆಯ ತೋಟದಲ್ಲಿ ದುಡಿದವನೊಬ್ಬನ ಹೆಗಲಿಗೆ ಒಂದು ರಾತ್ರಿಯ ನಿದ್ದೆ ಸಿಗಬೇಕಾದರೆ ಹಿಂದೆ ಇಷ್ಟು ಜನ ಹೆಗಲು ಕೊಟ್ಟಿದ್ದಾರೆ. ಅವರು ತಮ್ಮ ಮೈಯ ನೋವನ್ನು ತಾಳಿದರು, ಹೆರವರ ನೋವನ್ನು ತಾಳಲಿಲ್ಲ. ತಾಳ್ಮೆಯ ಸರಿಯಾದ ಪಾಠ ಇದೇ ಎಂದು ನನಗೆ ತೋರುತ್ತದೆ. ನಾವು ಬಹುಮಟ್ಟಿಗೆ ಇದನ್ನು ತಲೆಕೆಳಗಾಗಿ ಓದುತ್ತೇವೆ.

ಬಸವನ ಬಾಗೇವಾಡಿ ಬಸವಣ್ಣನವರು ಹುಟ್ಟಿದ ಊರು. ದುಡಿಮೆಗೆ ಕಾಯಕವೆಂಬ ಹೆಸರು ಕೊಟ್ಟು ಅದನ್ನು ಪೂಜೆಯ ಪೀಠಕ್ಕೇರಿಸಿದ ಹನ್ನೆರಡನೆಯ ಶತಮಾನದ ಆ ದೊಡ್ಡ ಚಳವಳಿಯ ಬೇರು ಈ ಮಣ್ಣಿನಲ್ಲಿದೆ. ಕಾಯಕ ಎಂಬ ಪದದೊಳಗೇ ಕಾಯವಿದೆ. ಕಾಯಕವನ್ನು ಹೊಗಳಿ ಭಾಷಣ ಮಾಡುವ ನಾಡಿಗೆ ಕಾಯದ ನೋವು ಕೇಳಿಸದಿದ್ದರೆ ಆ ಹೊಗಳಿಕೆ ಬಾಯಿಮಾತಾಗುತ್ತದೆ. ದುಡಿದು ಸವೆದ ಹೆಗಲಿಗೆ ಒಂದು ಸೂಜಿಯ ಮದ್ದು ಉಂಟೆಂದು ತಿಳಿಸುವುದೂ ಗೌರವವೇ.

ನಮ್ಮ ರೈತನಿಗೆ ಇದು ಹೊಸ ಪಾಠವೇನಲ್ಲ. ನೊಗ ಉಜ್ಜಿ ಎತ್ತಿನ ಹೆಗಲು ಬಾತರೆ ಅವನು ಎತ್ತನ್ನು ಕೇಳುತ್ತ ಕೂರುವುದಿಲ್ಲ. ಅದು ಹೇಳುವುದೂ ಇಲ್ಲ. ಸಂಜೆ ಕೊಟ್ಟಿಗೆಯಲ್ಲಿ ಕಟ್ಟುವಾಗ ಕೈಯಾಡಿಸಿ ನೋಡುತ್ತಾನೆ. ಚರ್ಮ ಬಿಸಿಯಾಗಿದ್ದರೆ, ಮುಟ್ಟಿದಾಗ ಎತ್ತು ಸರಿದರೆ, ಅರಿಸಿನ ಎಣ್ಣೆ ಸವರಿ ಮರುದಿನ ನೊಗಕ್ಕೆ ಹೂಡದೆ ಬಿಡುತ್ತಾನೆ. ಹಂಗಾಮು ತಪ್ಪುತ್ತದೆಂಬ ಚಿಂತೆ ಅವನಿಗಿಲ್ಲವೆಂದಲ್ಲ. ಆ ಚಿಂತೆಯನ್ನು ತಾನು ಹೊರುತ್ತಾನೆ, ಎತ್ತಿನ ಹೆಗಲ ಮೇಲೆ ಹೇರುವುದಿಲ್ಲ. ಎತ್ತಿನ ತಾಳ್ಮೆಯನ್ನು ಹೊಗಳುವ ಪದ್ಯ ಅವನಿಗೆ ಬರಲಿಕ್ಕಿಲ್ಲ. ಅದರ ಹೆಗಲ ಮೇಲೆ ಕೈಯಿಟ್ಟು ನೋಡುವ ರೂಢಿ ಅವನಿಗಿದೆ. ಆಸ್ಪತ್ರೆಯ ಮಂಚದ ಮೇಲೆ 'ಅಷ್ಟೇನಿಲ್ಲ' ಎಂದು ಮಲಗಿರುವ ಅದೇ ರೈತನಿಗೆ, ಅವನು ತನ್ನ ಎತ್ತಿಗೆ ಸಲ್ಲಿಸುವಷ್ಟನ್ನಾದರೂ ನಾವು ಸಲ್ಲಿಸಬೇಡವೇ?